ಮೊದಲು ತಲುಪುವ ವಿಮಾನ

2022ರ ಡಿಸೆಂಬರ್ ತಿಂಗಳು. ಚಳ್ಳಕೆರೆಯ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನಾನು ಟಿಕೆಟ್ ಬುಕಿಂಗ್ ಕಚೇರಿ ನಡೆಸುತ್ತಿದ್ದೆ. ಎಸ್‌ಟಿಡಿ ಬೂತ್ ಆಗಿ ಶುರುವಾದ ಅಂಗಡಿ ಅದು. ಮೊಬೈಲ್ ಬಂದು ಬೂತ್ ಮುಚ್ಚಿದಾಗ ರೈಲು ಟಿಕೆಟ್ ಹಿಡಿದೆ, ಆಮೇಲೆ ಬಸ್ಸು ಮತ್ತು ಕೊರಿಯರ್, ಕೊನೆಗೆ ವಿಮಾನ. ಈಗ ಎಲ್ಲರ ಕೈಯಲ್ಲೂ ಫೋನ್ ಇದೆ, ಟಿಕೆಟ್ ತಾವೇ ತೆಗೆಯುತ್ತಾರೆ. ಆದರೂ ನನ್ನ ಕಚೇರಿಗೆ ಬರುವವರು ಇದ್ದೇ ಇದ್ದರು. ಶೇಂಗಾ ಎಣ್ಣೆಯ ವ್ಯವಹಾರಕ್ಕೆ ರಾಜಕೋಟ್‌ಗೆ ಹೋಗುವವರು, ಉಳ್ಳಾರ್ತಿ ಕಾವಲ್ ಕಡೆಯ ವಿಜ್ಞಾನ ಸಂಸ್ಥೆಗಳಲ್ಲಿ ಕೆಲಸ ಮುಗಿಸಿ ದೆಹಲಿಗೆ ಮರಳುವವರು, ಮೊಳಕಾಲ್ಮೂರಿನ ಸೀರೆ ಹೊತ್ತು ಕೋಲ್ಕತ್ತದ ಪ್ರದರ್ಶನಕ್ಕೆ ಹೊರಟವರು. ವಿಮಾನ ನಿಲ್ದಾಣವೇ ಇಲ್ಲದ ಊರಿನಲ್ಲಿ ಕೂತು ನಾನು ಅಷ್ಟು ವರ್ಷ ವಿಮಾನದ ಟಿಕೆಟ್ ಮಾರಿದೆ.

ಈ ಕಸುಬಿನಲ್ಲಿ ಎಲ್ಲರೂ ಮೊದಲು ಕೇಳುವುದು ಒಂದೇ ಮಾತು: ಎಷ್ಟು ದೂರ, ಎಷ್ಟು ಹೊತ್ತು? ಉತ್ತರ ಅವರು ಅಂದುಕೊಂಡಷ್ಟು ಸರಳವಲ್ಲ. ಎರಡು ನಿಲ್ದಾಣಗಳ ನಡುವಿನ ದೂರವನ್ನು ಹಗ್ಗ ಬಿಗಿಯಾಗಿ ಎಳೆದು ಹಿಡಿದಂತೆ ನೇರವಾಗಿ ಅಳೆಯುತ್ತಾರೆ. ಬೆಂಗಳೂರಿನಿಂದ ಗುವಾಹಟಿಗೆ ಹಾಗೆ ಅಳೆದರೆ ಸುಮಾರು ಎರಡು ಸಾವಿರ ಕಿಲೋಮೀಟರ್. ಹೈದರಾಬಾದಿನಿಂದ ಅದಕ್ಕಿಂತ ಮುನ್ನೂರು ಚಿಲ್ಲರೆ ಕಡಿಮೆ. ಟಿಕೆಟ್ಟಿನ ಮೇಲಿರುವ ಸಮಯವೂ ವಿಮಾನ ಆಕಾಶದಲ್ಲಿರುವ ಸಮಯವಲ್ಲ. ನಿಂತ ಜಾಗದಿಂದ ಅಲುಗಾಡಿದ ಗಳಿಗೆಯಿಂದ ಹಿಡಿದು ಆಚೆ ಊರಿನಲ್ಲಿ ಚಕ್ರ ನಿಲ್ಲುವವರೆಗಿನ ಲೆಕ್ಕ ಅದು. ನಮ್ಮಲ್ಲಿ ಅದನ್ನು ಬ್ಲಾಕ್ ಟೈಮ್ ಎನ್ನುತ್ತಾರೆ. ಬೆಂಗಳೂರು-ಗುವಾಹಟಿಗೆ ಅದು ಸುಮಾರು ಮೂರು ಗಂಟೆ, ಹೈದರಾಬಾದಿನಿಂದ ಎರಡೂವರೆ. ಇಷ್ಟನ್ನೂ ನಾನು ವಿವರಿಸಿದ ಮೇಲೆ ಜನ ಕೇಳುವ ಇನ್ನೊಂದು ಮಾತು, ಬೇಗ ತಲುಪುವುದು ಯಾವುದು ಎನ್ನುವುದು. ಆದರೆ ಇನ್ನೊಬ್ಬರಿಗಿಂತ ಮೊದಲು ತಲುಪುವ ವಿಮಾನ ಕೊಡಿ ಎಂದು ಕೇಳಿದವರು ಇಬ್ಬರೇ. ಇಬ್ಬರೂ ಒಂದೇ ದಿನ ಕೇಳಿದರು.

ಮೊದಲನೆಯವರು ಸರ್ವಮಂಗಳಮ್ಮ. ಚಳ್ಳಕೆರೆಯಲ್ಲಿ ಅವರದು ಎಣ್ಣೆ ಮಿಲ್ಲಿನ ಮನೆತನ. ನನ್ನ ಕಚೇರಿ ಇದ್ದ ಕಟ್ಟಡವೂ ಅವರದೇ. ಎರಡನೆಯವರು ಮೊಳಕಾಲ್ಮೂರಿನ ಲಕ್ಷ್ಮಿದೇವಮ್ಮ. ಮನೆಯಲ್ಲೇ ಮಗ್ಗ ಹಾಕಿಕೊಂಡು ರೇಷ್ಮೆ ಸೀರೆ ನೇಯುತ್ತಿದ್ದ ವಿಧವೆ. ಸರ್ವಮಂಗಳಮ್ಮನ ಒಬ್ಬನೇ ಮಗ ಪ್ರಸನ್ನ ಗುವಾಹಟಿಯಲ್ಲಿ ರೈಲ್ವೆ ಎಂಜಿನಿಯರ್. ಲಕ್ಷ್ಮಿದೇವಮ್ಮನ ಒಬ್ಬಳೇ ಮಗಳು ರೇಣುಕಾ ಅಲ್ಲಿಯೇ ನರ್ಸ್. ಚಿತ್ರದುರ್ಗದಲ್ಲಿ ಓದುವಾಗ ಒಬ್ಬರನ್ನೊಬ್ಬರು ಮೆಚ್ಚಿ, ಎರಡೂ ಮನೆಯವರು ಬೇಡವೆಂದರೂ ಕೇಳದೆ ರಿಜಿಸ್ಟರ್ ಮದುವೆಯಾದವರು. ಮದುವೆಯಾಗಿ ಮೂರು ವರ್ಷ ಕಳೆದಿದ್ದರೂ ಈ ಬೀಗಿತ್ತಿಯರು ಒಬ್ಬರ ಮನೆ ಹೊಸ್ತಿಲನ್ನು ಇನ್ನೊಬ್ಬರು ತುಳಿದಿರಲಿಲ್ಲ.

ಆದರೆ ಇಬ್ಬರೂ ನನ್ನ ಕಚೇರಿಯ ಹೊಸ್ತಿಲು ತುಳಿಯುತ್ತಿದ್ದರು. ಗುವಾಹಟಿಗೆ ಪಾರ್ಸೆಲ್ ಕಳಿಸುವುದು ನನ್ನ ಮೂಲಕವೇ ಆಗಿತ್ತು. ಸರ್ವಮಂಗಳಮ್ಮ ತುಪ್ಪದ ಡಬ್ಬಿ ತಂದಾಗ, ಆ ಕಡೆಯವರು ಈ ತಿಂಗಳು ಏನು ಕಳಿಸಿದರು ಎಂದು ಕೇಳುತ್ತಿದ್ದರು. ಲಕ್ಷ್ಮಿದೇವಮ್ಮ ಸೀರೆ ಕೊಡಲು ಚಳ್ಳಕೆರೆಗೆ ಬಂದಾಗ ಚಟ್ನಿಪುಡಿಯ ಪೊಟ್ಟಣ ತಂದು, ಎಣ್ಣೆ ಮಿಲ್ಲಿನವರ ಡಬ್ಬಿ ಎಷ್ಟು ತೂಕವಿತ್ತು ಎಂದು ವಿಚಾರಿಸುತ್ತಿದ್ದರು. ರೇಣುಕಾ ಬಸುರಿಯಾದಾಗ ಸರ್ವಮಂಗಳಮ್ಮ ಸೊಸೆಗೆಂದು ಹಸಿರು ಸೀರೆ ಕಳಿಸಿದರು. ಅದು ಕಂಚಿ ಸೀರೆ. ಈ ಸುದ್ದಿ ಲಕ್ಷ್ಮಿದೇವಮ್ಮನಿಗೆ ಮಗಳ ಫೋನಿನಿಂದ ತಿಳಿಯಿತು. ಮುಂದಿನ ಸಲ ಬಂದಾಗ ಆಕೆ ನನ್ನ ಮೇಜಿನ ಎದುರು ಕೂತು, ಮೊಳಕಾಲ್ಮೂರಿನ ನೇಕಾರರ ಮಗಳಿಗೆ ಕಂಚಿಯಿಂದ ಸೀರೆ ತಂದರಂತೆ ಎಂದು ಮೆಲ್ಲಗೆ ಹೇಳಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸುವಂತೆ ಹೇಳಿದರು.

ಡಿಸೆಂಬರ್ ಮೊದಲ ವಾರದ ಒಂದು ಬೆಳಗ್ಗೆ ಸರ್ವಮಂಗಳಮ್ಮ ಕಚೇರಿ ಬಾಗಿಲು ತೆಗೆಯುವ ಹೊತ್ತಿಗೆ ಬಂದು ನಿಂತಿದ್ದರು. ಕಣ್ಣು ಊದಿತ್ತು. ರೇಣುಕಾಗೆ ರಕ್ತದೊತ್ತಡ ಏರಿ, ದಿನ ತುಂಬುವ ಮೊದಲೇ ಆಪರೇಷನ್ ಮಾಡಿ ಮಗು ತೆಗೆದಿದ್ದರು. ಹೆಣ್ಣು ಮಗು, ಅಂಗೈಯಗಲ. ತಾಯಿ ಐಸಿಯುನಲ್ಲಿ, ಮಗು ಇನ್ನೊಂದು ಅಂತಸ್ತಿನ ಮಕ್ಕಳ ವಿಭಾಗದಲ್ಲಿ. ಇಂಥ ಮಗುವನ್ನು ಒಬ್ಬರ ಬರಿಯ ಎದೆಗೆ ಒತ್ತಿ, ಮೇಲೆ ಬಟ್ಟೆ ಸುತ್ತಿ, ದಿನದ ಬಹುಪಾಲು ಹೊತ್ತು ಹಾಗೇ ಇಟ್ಟುಕೊಳ್ಳಬೇಕು. ಮೈಶಾಖದಲ್ಲೇ ಅದು ಬೆಳೆಯಬೇಕು. ವೈದ್ಯರು ಇದನ್ನು ಕಾಂಗರೂ ಆರೈಕೆ ಎನ್ನುತ್ತಾರೆ. ತಾಯಿಗೆ ಆಗದು. ತಂದೆಗೆ ಶೀತ ಹಿಡಿದು ಒಳಗೆ ಬಿಡುತ್ತಿರಲಿಲ್ಲ. ಮನೆಯ ಹೆಂಗಸೊಬ್ಬರು ಬಂದರೆ ಅವರಿಗೆ ಪಾಸ್ ಕೊಡುತ್ತೇವೆ, ಒಬ್ಬರಿಗೆ ಮಾತ್ರ, ಒಮ್ಮೆ ಹೆಸರು ಬರೆಸಿದರೆ ಬದಲಿಸುವಂತಿಲ್ಲ ಎಂದು ಆಸ್ಪತ್ರೆಯವರು ಹೇಳಿದ್ದರು. ಪ್ರಸನ್ನ ತನ್ನ ತಾಯಿಗೂ ಅತ್ತೆಗೂ ಒಂದೇ ಮಾತು ಹೇಳಿದ್ದ: ಯಾರು ಮೊದಲು ಬರುತ್ತೀರೋ ಅವರ ಹೆಸರು ಬರೆಸುತ್ತೇನೆ. ಆ ಹುಡುಗನನ್ನು ನಾನು ದೂರುವುದಿಲ್ಲ. ಎರಡು ಅಂತಸ್ತಿನ ನಡುವೆ ಓಡಾಡುತ್ತಿದ್ದವನಿಗೆ ಅಷ್ಟೇ ತೋಚಿತ್ತು.

"ಶಾರದಾ, ನಾಳೆ ನಾನು ಅಲ್ಲಿರಬೇಕು," ಎಂದರು ಸರ್ವಮಂಗಳಮ್ಮ. "ಮೊಳಕಾಲ್ಮೂರು ಆಯಮ್ಮನಿಗಿಂತ ಮೊದ್ಲು."

ಅಂದಿನ ವಿಮಾನಗಳಲ್ಲಿ ಸೀಟಿರಲಿಲ್ಲ. ಮರುದಿನ ಮಧ್ಯಾಹ್ನ ಬೆಂಗಳೂರಿನಿಂದ ನೇರ ವಿಮಾನವಿತ್ತು, ಸಂಜೆ ನಾಲ್ಕೂವರೆಗೆ ಗುವಾಹಟಿ. ಅವರಿಗೆ ಸ್ವಂತ ಕಾರಿತ್ತು. ಬೆಳಗ್ಗೆ ಏಳಕ್ಕೆ ಮನೆ ಬಿಟ್ಟರೆ ಹಿರಿಯೂರು, ಶಿರಾ ದಾಟಿ ಹನ್ನೊಂದೂವರೆ ಹನ್ನೆರಡಕ್ಕೆ ನಿಲ್ದಾಣ ಸೇರಬಹುದು. ಟಿಕೆಟ್ ಮಾಡಿದೆ. ಮುಂದಿನ ಸಾಲಿನ ಸೀಟೇ ಬೇಕೆಂದು ಕೇಳಿ ಹಾಕಿಸಿಕೊಂಡರು.

ಅವರು ಮೆಟ್ಟಿಲಿಳಿದು ಹೋಗಿ ಸ್ವಲ್ಪ ಹೊತ್ತಿಗೆ ಮೊಳಕಾಲ್ಮೂರಿನಿಂದ ಫೋನ್ ಬಂತು. ಲಕ್ಷ್ಮಿದೇವಮ್ಮ ಅಳುತ್ತಿರಲಿಲ್ಲ. ತೆಲುಗು ಬೆರೆತ ಕನ್ನಡದಲ್ಲಿ, ಮಗುವಿಗೆ ಅವರ ಮನೆಯಲ್ಲಿ ಹೇಳುವ ಬಿಡ್ಡ ಎಂಬ ಮಾತಿನಲ್ಲೇ ಹೇಳಿದರು.

"ಮೇಡಂ, ನನ್ನ ಬಿಡ್ಡಗೆ ಬಿಡ್ಡ ಹುಟ್ಟೈತೆ. ನಾನು ವಿಮಾನ ಹತ್ತಿದೋಳಲ್ಲ, ಪರವಾಗಿಲ್ಲ. ಎಣ್ಣೆ ಮಿಲ್ಲಿನೋರು ಹೋಗೋದ್ರೊಳಗೆ ನಾನು ಅಲ್ಲಿರ್ಬೇಕ್ರಿ. ಆ ಹುಡುಗೀನ ಹೆತ್ತೋಳು ನಾನು."

ಒಬ್ಬ ಗಿರಾಕಿಯ ಪ್ರಯಾಣವನ್ನು ಇನ್ನೊಬ್ಬರಿಗೆ ಹೇಳುವುದು ನನ್ನ ಕಸುಬಿನಲ್ಲಿ ನಿಷಿದ್ಧ. ನಾನು ಹೇಳಲಿಲ್ಲ. ಇದ್ದ ದಾರಿಗಳನ್ನು ಮಾತ್ರ ಹೇಳಿದೆ. ಒಂದು, ಬೆಂಗಳೂರಿನ ಅದೇ ಮಧ್ಯಾಹ್ನದ ವಿಮಾನ. ಇನ್ನೊಂದು, ಆ ಕಾಲಕ್ಕೆ ತೋರಣಗಲ್ಲಿನ ಸಣ್ಣ ನಿಲ್ದಾಣದಿಂದ ಹೈದರಾಬಾದಿಗೆ ಹಾರುತ್ತಿದ್ದ ಚಿಕ್ಕ ವಿಮಾನ. ಬೆಳಗಿನ ಬಸ್ಸಿನಲ್ಲಿ ರಾಂಪುರದ ಮೇಲೆ ಬಳ್ಳಾರಿಗೆ ಹೋಗಿ ಮುಂದಕ್ಕೆ ಸಾಗಿದರೆ ಅದು ಸಿಗುತ್ತದೆ. ಹೈದರಾಬಾದಿನಲ್ಲಿ ವಿಮಾನ ಬದಲಿಸಿದರೆ ಮಧ್ಯಾಹ್ನ ಮೂರು ಗಂಟೆಗೆ ಗುವಾಹಟಿ. ಆದರೆ ಎರಡೂ ಬೇರೆ ಬೇರೆ ಟಿಕೆಟ್. ಮೊದಲನೆಯದು ರದ್ದಾದರೆ ಎರಡನೆಯವರು ಕಾಯುವುದಿಲ್ಲ, ಹೊಣೆಯೂ ಅಲ್ಲ. ಬೆಂಗಳೂರಿನದೇ ಭದ್ರ ಎಂದು ಎರಡು ಸಲ ಹೇಳಿದೆ. ಆಕೆ ಕೇಳಿದ್ದು ಒಂದೇ, ಯಾವುದು ಮೊದಲು ಇಳಿಯುತ್ತದೆ ಎಂದು. ಹೈದರಾಬಾದಿನದು ಎಂದೆ. ಅದನ್ನೇ ಮಾಡಿ ಎಂದರು.

ಸಂಜೆ ಸರ್ವಮಂಗಳಮ್ಮ ಮತ್ತೆ ಬಂದರು. ಈ ಸಲ ಕುರ್ಚಿ ಎಳೆದುಕೊಂಡು ಕೂತರು. ಬೀಗಿತ್ತಿ ಫೋನ್ ಮಾಡಿದ್ದರೇ ಎಂದು ಕೇಳಿದರು. ನಿಮ್ಮ ಪ್ರಯಾಣವನ್ನು ಅವರಿಗೆ ಹೇಳುವುದಿಲ್ಲ, ಅವರದನ್ನು ನಿಮಗೂ ಹೇಳುವುದಿಲ್ಲ ಎಂದೆ. ಅಷ್ಟರಲ್ಲೇ ಅವರಿಗೆ ತಿಳಿದುಹೋಯಿತು. ವ್ಯಾಪಾರಸ್ಥರ ಮನೆಯ ಹೆಂಗಸು. ಸೀಟು ಸಿಗಲಿಲ್ಲ ಎಂದು ಹೇಳಿ ಅವರ ಟಿಕೆಟ್ಟನ್ನು ನಾಳಿದ್ದಿಗೆ ತಳ್ಳಿಬಿಡು ಎಂದರು. ಆಗದು ಎಂದೆ.

"ಈ ಕಚೇರಿ ನಮ್ಮ ಕಟ್ಟಡದಾಗೆ ಐತೆ, ನೆನಪೈತಲ್ಲ?"

"ಐತೆ ಅಮ್ಮಾರೆ," ಎಂದೆ. "ಬಿಡು ಅಂದ್ರೆ ಬಿಡ್ತೀನಿ. ಸುಳ್ಳು ಟಿಕೆಟ್ ಮಾತ್ರ ಮಾಡಲ್ಲ."

ಅವರು ಎದ್ದು ಹೋದರು. ಬೇರೆ ಜಾಗ ಹುಡುಕಬೇಕಾದೀತು ಎಂದು ಮನಸ್ಸಿನಲ್ಲೇ ನಾಲ್ಕಾರು ಮಳಿಗೆಗಳನ್ನು ನೋಡಿಕೊಂಡೆ.

ಮರುದಿನ ಬೆಳಗ್ಗೆ ಆರು ಗಂಟೆ ಸುಮಾರಿಗೆ ಫೋನಿಗೆ ಸಂದೇಶ ಬಂತು. ಕಾರ್ಯಾಚರಣೆಯ ಕಾರಣಗಳಿಂದ ಹೈದರಾಬಾದಿನ ಚಿಕ್ಕ ವಿಮಾನ ರದ್ದು. ಇಂಥ ಸಂದೇಶದಲ್ಲಿ ಕಾರಣ ಏನೆಂದು ಯಾರೂ ಬರೆಯುವುದಿಲ್ಲ. ಲಕ್ಷ್ಮಿದೇವಮ್ಮನಿಗೆ ಕರೆ ಮಾಡಿದೆ. ಆಕೆ ಬಳ್ಳಾರಿ ಬಸ್ಸಿನಲ್ಲಿದ್ದರು. ಹಿಂದಿನಿಂದ ಕಂಡಕ್ಟರ್ ರಾಂಪುರ ಇಳಿಯುವವರನ್ನು ಕೂಗುವುದು ಕೇಳಿಸುತ್ತಿತ್ತು. ನಾನು ವಿಷಯ ಹೇಳಿದೆ.

"ಹಂಗಾದ್ರೆ ಬಿಡ್ಡ ಆಯಮ್ಮಗೆ ಹೋಯ್ತು," ಎಂದರು.

ರಾಂಪುರದಲ್ಲೇ ಇಳಿದು ಚಳ್ಳಕೆರೆ ಕಡೆಯ ಮೊದಲ ಬಸ್ಸು ಹಿಡಿಯಿರಿ, ಮುಂದಿನದು ನಾನು ನೋಡುತ್ತೇನೆ ಎಂದೆ. ಹಾಗೆ ಹೇಳಿದೆನೇ ಹೊರತು ನೋಡಲು ಏನೂ ಇರಲಿಲ್ಲ. ಬೆಂಗಳೂರಿನ ವಿಮಾನದಲ್ಲಿ ಬಾಲದ ಕಡೆ ಎರಡು ಸೀಟು ಉಳಿದಿದ್ದವು. ಒಂದನ್ನು ತೆಗೆದೆ. ಆದರೆ ಆಕೆ ಚಳ್ಳಕೆರೆ ತಲುಪುವಾಗ ಎಂಟಾಗುತ್ತದೆ. ಅಲ್ಲಿಂದ ಬಸ್ಸಿನಲ್ಲಿ ಹೋದರೆ ವಿಮಾನ ಸಿಗದು. ಅಂದು ದೊಡ್ಡ ಮುಹೂರ್ತ, ಊರಿನ ಬಾಡಿಗೆ ಕಾರುಗಳೆಲ್ಲ ಮದುವೆಗಳಿಗೆ ಹೋಗಿದ್ದವು. ನಾನು ನನಗೆ ಗೊತ್ತಿದ್ದ ಎಲ್ಲ ಚಾಲಕರಿಗೂ ಫೋನ್ ಮಾಡಿದೆ. ಗುವಾಹಟಿ ವಿಮಾನಕ್ಕೆ ಹೊತ್ತಾಗದಂತೆ ಬೆಂಗಳೂರು ಸೇರಬಲ್ಲ ಕಾರು ಊರಿನಲ್ಲಿ ಒಂದೇ ಇತ್ತು. ಅದು ಸರ್ವಮಂಗಳಮ್ಮನ ಮನೆಯಂಗಳದಲ್ಲಿ ಡಿಕ್ಕಿ ತೆರೆದು ನಿಂತಿತ್ತು.

ನಾನು ಹೋದಾಗ ಅವರು ಪೆಟ್ಟಿಗೆ ಇಡಿಸುತ್ತಿದ್ದರು. ಯಜಮಾನರಿಗೆ ಮಂಡಿನೋವು, ಅವರು ಹೊರಟಿರಲಿಲ್ಲ. ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. ಒಂದು ಗಂಟೆ ಕಾಯಬೇಕು, ಕಾದರೂ ವಿಮಾನ ಸಿಗುತ್ತದೆ, ಆದರೆ ದಾರಿಯಲ್ಲಿ ಎಲ್ಲೂ ನಿಲ್ಲುವಂತಿಲ್ಲ ಎಂದೆ. ಸರ್ವಮಂಗಳಮ್ಮನ ಮುಖದ ಮೇಲೆ ಮೊದಲು ಬಂದದ್ದು ಸಂತೋಷ. ಅದನ್ನು ಅವರು ಮುಚ್ಚಿಡಲೂ ಇಲ್ಲ. ದೇವರೇ ತೀರ್ಮಾನ ಮಾಡಿದ್ದಾನೆ, ನಾನ್ಯಾಕೆ ಕಾಯಲಿ ಎಂದರು.

ಉಪದೇಶ ಮಾಡಿ ಪ್ರಯೋಜನವಿಲ್ಲ ಎಂದು ನನಗೆ ಗೊತ್ತಿತ್ತು. ಹೊಟ್ಟೆಕಿಚ್ಚಿಗೆ ಧರ್ಮ ಹೇಳಿದರೆ ಕೇಳುವುದಿಲ್ಲ, ಲೆಕ್ಕ ಹೇಳಿದರೆ ಕೇಳುತ್ತದೆ.

"ನೀವು ಮುಂದೆ ಹೋದ್ರೆ ಮಗು ಸಿಗ್ತೈತೆ," ಎಂದೆ. "ಆದ್ರೆ ರೇಣುಕಾ ಕಣ್ಣು ಬಿಟ್ಟ ತಕ್ಷಣ ಅವ್ವ ಎಲ್ಲಿ ಅಂತಾಳೆ. ದಾರೀಲಿ ಬಿಟ್ಟು ಬಂದೆ ಅಂತ ನೀವೇ ಹೇಳ್ಬೇಕು. ಆಮೇಲೆ ಜೀವ ಇರೋತನಕ ಅವಳ ಮನಸ್ಸಿನಾಗೆ ಅವ್ವಾನೇ ಇರ್ತಾಳೆ, ನೀವಿರಲ್ಲ."

ಅವರು ಕಾರಿನ ಬಾಗಿಲು ಹಿಡಿದು ನಿಂತರು. ಒಂದಿಷ್ಟು ಕೆಮ್ಮಿದರು. ಮಿಲ್ಲಿನ ಹಿಂಡಿ ಧೂಳಿನ ಕೆಮ್ಮು ಅವರಿಗೆ ಹಳೆಯದು.

"ಬರ್ಲಿ," ಎಂದರು. "ನನ್ನ ಕಾರಾಗೇ ಬರ್ಲಿ. ನಾನು ಕರ್ಕೊಂಡು ಬಂದೆ ಅನ್ನೋದು ಆ ಹುಡುಗಿಗೆ ಗೊತ್ತಾಗ್ಲಿ. ಆದ್ರೆ ಅವಳ ಜೊತೆ ನಾನೊಬ್ಳೇ ಕೂತು ಹೋಗಲ್ಲ. ನೀನೂ ಹತ್ತು."

ಎಂಟು ಗಂಟೆಗೆ ಬಸ್ಸಿನಿಂದಿಳಿದ ಲಕ್ಷ್ಮಿದೇವಮ್ಮನ ಕೈಯಲ್ಲಿ ಒಂದೇ ಬಟ್ಟೆಚೀಲವಿತ್ತು. ಯಾರ ಕಾರು ಎಂದು ತಿಳಿದಾಗ ಆಕೆ ಫುಟ್‌ಪಾತಿನ ಮೇಲೆಯೇ ನಿಂತುಬಿಟ್ಟರು. ಆಯಮ್ಮನ ಋಣ ನನಗೆ ಬೇಡ ಎಂದರು. ಬೇಡವೆಂದರೆ ಇಲ್ಲಿಯೇ ಉಳಿಯುತ್ತೀರಿ ಎಂದೆ. ಹಿಂದಿನ ಸೀಟಿನಲ್ಲಿ ಸರ್ವಮಂಗಳಮ್ಮ ಜಾಗ ಮಾಡಿ ಸರಿದಿದ್ದರು. ಆದರೆ ಲಕ್ಷ್ಮಿದೇವಮ್ಮ ಮುಂದಿನ ಬಾಗಿಲು ತೆಗೆದು ಚಾಲಕನ ಪಕ್ಕ ಕೂತರು.

ಹಿರಿಯೂರಿನಲ್ಲಿ ಹೆದ್ದಾರಿ ಸೇರಿದ ಮೇಲೆ ಸರ್ವಮಂಗಳಮ್ಮ ನನಗೆ ತೋರಿಸುವ ನೆಪದಲ್ಲಿ ಚೀಲ ಬಿಚ್ಚಿ, ಮಗುವಿಗೆ ತಂದ ಉಣ್ಣೆಯ ಟೋಪಿ, ಕಾಲ್ಚೀಲ, ಹೊಸ ಹೊದಿಕೆಗಳನ್ನು ಒಂದೊಂದಾಗಿ ತೊಡೆಯ ಮೇಲೆ ಇಟ್ಟರು. ಎಲ್ಲಿ ಕೊಂಡದ್ದು ಎಂಬುದನ್ನು ಮುಂದಿನ ಸೀಟಿಗೆ ಕೇಳಿಸುವಂತೆ ಹೇಳಿದರು. ಲಕ್ಷ್ಮಿದೇವಮ್ಮ ಹಿಂದೆ ತಿರುಗಲಿಲ್ಲ. ತಮ್ಮ ಚೀಲದಿಂದ ಒಂದು ಹಳೆಯ ನೂಲಿನ ಸೀರೆ ತೆಗೆದು, ಒಗೆದೊಗೆದು ಬಣ್ಣ ಹೋದ ಅದರ ಸೆರಗನ್ನು ಕೆನ್ನೆಗೆ ಒತ್ತಿ ನೋಡಿಕೊಂಡರು. ಎದೆಗೆ ಕಟ್ಟಿಕೊಳ್ಳಲು ಹಳೆಯ ಮೆತ್ತನೆ ಸೀರೆಯೇ ಬೇಕೆಂದು ನರ್ಸ್ ಹೇಳಿದ್ದಾರಂತೆ ಎಂದು ಚಾಲಕನಿಗೆ ಹೇಳಿದರು. ಚಾಲಕ ಪಾಪ, ಹೂಂ ಎಂದ. ಮುಂದೆ ಪೆಟ್ರೋಲ್ ಹಾಕಿಸಲೇಬೇಕಾಗಿ ಬಂಕಿನಲ್ಲಿ ಎರಡು ನಿಮಿಷ ನಿಂತಾಗ ಸರ್ವಮಂಗಳಮ್ಮ ನನ್ನ ಕಿವಿಯ ಹತ್ತಿರ ಬಂದರು.

"ದಾರೀಲಿ ಎಲ್ಲಾದ್ರೂ ಹಳೇ ಸೀರೆ ಸಿಗ್ತೈತಾ?"

ನನಗೆ ನಗು ಬರಬೇಕಿತ್ತು. ಬರಲಿಲ್ಲ. ಅವರ ಬೀರುವಿನಲ್ಲಿ ಹಳೆಯದಾಗುವಷ್ಟು ದಿನ ಉಟ್ಟ ಸೀರೆ ಒಂದೂ ಇರಲಾರದು ಎಂದು ಹೊಳೆಯಿತು.

ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ನಿಲ್ದಾಣ ಸೇರಿದಾಗ ಚೆಕ್-ಇನ್ ಕೌಂಟರ್ ಮುಚ್ಚಲು ಸ್ವಲ್ಪವೇ ಹೊತ್ತಿತ್ತು. ವಿಮಾನ ಹೊರಡುವ ಒಂದು ಗಂಟೆ ಮೊದಲು ಅದು ಮುಚ್ಚುತ್ತದೆ, ಆಮೇಲೆ ಯಾರು ಅತ್ತರೂ ತೆರೆಯುವುದಿಲ್ಲ. ಒಳಗೆ ಹೋಗುವ ಬಾಗಿಲಿನಲ್ಲಿ ನಾನು ಇಬ್ಬರ ಕೈಗೂ ಟಿಕೆಟ್ಟಿನ ಪ್ರತಿ ಕೊಟ್ಟೆ. ಲಕ್ಷ್ಮಿದೇವಮ್ಮ ಸೀಟಿನ ಸಂಖ್ಯೆ ನೋಡಿ, ಇದು ಮುಂದೆಯೋ ಹಿಂದೆಯೋ ಎಂದು ಕೇಳಿದರು. ಹಿಂದೆ ಎಂದೆ. ಮುಂದೆ ಕೂತವರು ಮೊದಲು ಇಳಿಯುತ್ತಾರೆಯೇ ಎಂದರು. ಹೌದು ಎಂದೆ. ತಲೆಯಾಡಿಸಿ, ತನ್ನ ಬಟ್ಟೆಚೀಲವನ್ನು ಕಂಕುಳಿಗೆ ಬಿಗಿಯಾಗಿ ಸಿಕ್ಕಿಸಿಕೊಂಡು ಹೊರಟರು. ಸರ್ವಮಂಗಳಮ್ಮ ಗಾಲಿಪೆಟ್ಟಿಗೆ ತಳ್ಳುತ್ತಾ ಆಕೆಯನ್ನು ಹಿಂದೆ ಹಾಕಿದರು. ಇಬ್ಬರೂ ಅರವತ್ತು ಮುಟ್ಟಿದವರು, ಒಬ್ಬರಿಗಿಂತ ಒಬ್ಬರು ಬಿರುಸಾಗಿ ನಡೆಯುತ್ತಿದ್ದರು.

ನಾನು ಗಾಜಿನಾಚೆ ನಿಂತು ನೋಡುತ್ತಿದ್ದೆ. ಆಗ ನನಗೆ ಅಸೂಯೆಯಾಯಿತು. ವಿಮಾನ ಹತ್ತುವವರನ್ನು ಕಂಡು ಎಷ್ಟೋ ಸಲ ಆಗಿದೆ, ಅದು ಬೇರೆ. ಈ ಸಲದ್ದು ಕಾಣದ ಆ ರೇಣುಕಾಳ ಮೇಲೆ. ನನ್ನ ಮಗಳು ಚಳ್ಳಕೆರೆಯ ಸರ್ಕಾರಿ ಆಸ್ಪತ್ರೆಯಲ್ಲಿ ಹುಟ್ಟಿದಾಗ ನನ್ನ ಅವ್ವ ತೀರಿಕೊಂಡು ವರ್ಷವಾಗಿತ್ತು. ಅತ್ತೆ ಹೊಲದ ಕೆಲಸ ಬಿಟ್ಟು ಬರಲಾರದೆ ಮೂರನೆಯ ದಿನ ಬಂದು ಹೆಣ್ಣಾ ಎಂದು ಕೇಳಿ ಹೋದರು. ನನ್ನ ಮಗುವನ್ನು ಮೊದಲು ಎತ್ತಿಕೊಳ್ಳಲು ಯಾರೂ ಜಗಳವಾಡಲಿಲ್ಲ. ಇಲ್ಲಿ ಎರಡು ಸಾವಿರ ಕಿಲೋಮೀಟರ್ ಆಚೆ ಇರುವ ಒಂದು ಹಿಡಿಯಷ್ಟು ಮಗುವಿಗಾಗಿ ಇಬ್ಬರು ಓಡುತ್ತಿದ್ದರು. ವಾಪಸು ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ಒಬ್ಬಳೇ ಕೂತು, ಅದೇ ಉರಿಯಲ್ಲಿ ಚಳ್ಳಕೆರೆಯವರೆಗೆ ಬಂದೆ.

ಅಲ್ಲಿ ನಡೆದದ್ದನ್ನು ಪ್ರಸನ್ನ ಆಮೇಲೆ ಹೇಳಿದ. ಸರ್ವಮಂಗಳಮ್ಮನೇ ಮೊದಲು ಇಳಿದರು. ಆದರೆ ಅವರ ದೊಡ್ಡ ಪೆಟ್ಟಿಗೆ ಸಾಮಾನಿನ ಬೆಲ್ಟಿನ ಮೇಲೆ ಬರಬೇಕಿತ್ತು. ಅದು ಬರುವಷ್ಟರಲ್ಲಿ ವಿಮಾನದ ಕೊನೆಯ ಸಾಲಿನ ಲಕ್ಷ್ಮಿದೇವಮ್ಮ ಚೀಲ ಹಿಡಿದು ಬಂದರು. ಆಕೆಗೆ ಕಾಯುವ ಸಾಮಾನೇ ಇರಲಿಲ್ಲ. ಬಾಗಿಲಾಚೆ ಅಳಿಯ ನಿಂತಿರುವುದು ಗಾಜಿನಲ್ಲಿ ಕಾಣುತ್ತಿತ್ತು. ನಡೆದುಹೋಗಿದ್ದರೆ ಪಾಸ್ ಆಕೆಯದೇ. ಆಕೆ ಬೆಲ್ಟಿನ ಹತ್ತಿರ ಬಂದು ಬೀಗಿತ್ತಿಯ ಪಕ್ಕ ನಿಂತರು.

"ನೀವು ಒಂದು ಗಂಟೆ ಕಾದ್ರಿ. ನಾನೂ ಕಾಯ್ತೀನಿ. ಋಣ ಇರ್ಬಾರ್ದು ನೋಡ್ರಿ," ಎಂದರಂತೆ.

ಹಾಗೆ ಇಬ್ಬರೂ ಒಟ್ಟಿಗೆ ಹೊರಬಂದರು. ಯಾರು ಮೊದಲು ಎಂದು ಹೇಳಲು ಪ್ರಸನ್ನನಿಗೆ ಸಾಧ್ಯವೇ ಆಗಲಿಲ್ಲ.

ಆಸ್ಪತ್ರೆಯಲ್ಲಿ ತೀರ್ಮಾನ ಮಾಡಿದವಳು ಮಕ್ಕಳ ವಿಭಾಗದ ನರ್ಸ್. ಇಬ್ಬರನ್ನೂ ಕೈ ತೊಳೆಸಿ ನಿಲ್ಲಿಸಿ ನಾಲ್ಕು ಪ್ರಶ್ನೆ ಕೇಳುವಷ್ಟರಲ್ಲಿ ಸರ್ವಮಂಗಳಮ್ಮನಿಗೆ ಕೆಮ್ಮು ಬಂತು. ತಡೆದುಕೊಳ್ಳಲು ಸೆರಗು ಬಾಯಿಗೆ ಒತ್ತಿದರು, ಮತ್ತೂ ಹೆಚ್ಚಾಯಿತು. ಇದು ಮಿಲ್ಲಿನ ಧೂಳಿನ ಕೆಮ್ಮು, ರೋಗವಲ್ಲ ಎಂದು ಪ್ರಸನ್ನ ಹಿಂದಿಯಲ್ಲಿ ವಿವರಿಸಿದ. ನರ್ಸ್ ಕೇಳಲಿಲ್ಲ. ಅಂಥ ಕೋಣೆಗೆ ಕೆಮ್ಮುವವರನ್ನು ಬಿಡುವುದುಂಟೇ? ಲಕ್ಷ್ಮಿದೇವಮ್ಮನ ಹೆಸರು ಬರೆದುಕೊಂಡಳು. ಸರ್ವಮಂಗಳಮ್ಮ ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತರಂತೆ. ಮಗುವನ್ನು ಎದೆಗೆ ಕಟ್ಟಿಕೊಂಡ ಬೀಗಿತ್ತಿಯನ್ನು ಗಾಜಿನ ಮೂಲಕ ನೋಡಿದ ಮೇಲೆ ಎದ್ದು, ಸೊಸೆ ಎಲ್ಲಿದ್ದಾಳೆ ಎಂದು ಕೇಳಿದರಂತೆ.

ಎರಡು ದಿನಕ್ಕೆ ರೇಣುಕಾಳನ್ನು ಐಸಿಯುನಿಂದ ವಾರ್ಡಿಗೆ ತಂದರು. ಅವಳನ್ನು ಹೆತ್ತ ಲಕ್ಷ್ಮಿದೇವಮ್ಮ ಬೆಳಗಿನಿಂದ ಕತ್ತಲಾಗುವವರೆಗೆ ಮಗುವಿನ ಜೊತೆ ಅಲುಗಾಡದೆ ಕೂತಿರಬೇಕು. ಹಾಗಾಗಿ ಬಾಣಂತಿಯ ಹಾಸಿಗೆಯ ಪಕ್ಕ ಉಳಿದದ್ದು ಅತ್ತೆ. ಮೂರು ವರ್ಷದಲ್ಲಿ ಸೊಸೆಯ ಜೊತೆ ಅವರು ಆಡಿದ್ದು ಹಬ್ಬದ ದಿನ ಫೋನಿನಲ್ಲಿ ನಾಲ್ಕು ಮಾತು. ಈಗ ಮುಖ ಒರೆಸಬೇಕು, ಗಂಜಿ ಕುಡಿಸಬೇಕು, ತಲೆ ಬಾಚಬೇಕು, ಹಾಲು ಹಿಂಡಿ ಮೇಲಿನ ಅಂತಸ್ತಿಗೆ ಕಳಿಸಬೇಕು. ಆ ಹಾಲಿನ ಬಟ್ಟಲನ್ನು ಸರ್ವಮಂಗಳಮ್ಮ ಬೇರೆ ಯಾರ ಕೈಗೂ ಕೊಡದೆ ತಾವೇ ಒಯ್ದು ಬಾಗಿಲಲ್ಲಿ ನರ್ಸಿಗೆ ಕೊಡುತ್ತಿದ್ದರಂತೆ. ಅಷ್ಟು ಹೊತ್ತಾದರೂ ಗಾಜಿನಲ್ಲಿ ಮಗು ಕಾಣುತ್ತಿತ್ತು.

ಇಬ್ಬರೂ ನನಗೆ ಫೋನ್ ಮಾಡುತ್ತಿದ್ದರು. ಮನೆಯವರನ್ನು ಬಿಟ್ಟರೆ ಅಲ್ಲಿ ಕನ್ನಡ ಬಲ್ಲವರು ಬೇರೆ ಯಾರಿದ್ದರು?

"ಗಾಜಿನ ಆಚೆ ನಿಂತು ನೋಡ್ತೀನಿ ಶಾರದಾ," ಎಂದರು ಸರ್ವಮಂಗಳಮ್ಮ. "ಆ ಕೂಸು ಅವಳ ಮೈವಾಸನೆ ಕಲಿತುಬಿಡ್ತು. ಇನ್ನು ನನ್ನ ಹತ್ರ ಬರ್ತೈತಾ?"

ಲಕ್ಷ್ಮಿದೇವಮ್ಮ ಗೆದ್ದವರು. ಅವರ ದನಿಯಲ್ಲಿ ಗೆಲುವು ಇದ್ದೀತೆಂದು ನಾನು ಎಣಿಸಿದ್ದೆ. ವಾರ ಕಳೆದ ಮೇಲೆ ಒಂದು ದಿನ ಆಕೆ ಹೇಳಿದ್ದು ಇದು:

"ಬಿಡ್ಡನ ನನ್ನ ಎದೆಗೆ ಕಟ್ಟಿ, ನನ್ನ ಮಗಳನ್ನ ಆಯಮ್ಮ ಎತ್ಕೊಂಡ್ಲು ಮೇಡಂ. ನಾನು ಕೆಳಗೆ ಹೋದ್ರೆ ರೇಣುಕಾ, ಅವ್ವ ನೀನು ಮೇಲೆ ಹೋಗು, ಇಲ್ಲಿ ಅತ್ತೆ ಅವ್ರೆ ಅಂತಾಳೆ."

ನಾನು ಇಬ್ಬರಿಗೂ ಸಮಾಧಾನ ಹೇಳಲಿಲ್ಲ. ಹೂಂ ಎಂದು ಕೇಳಿಸಿಕೊಂಡೆ. ಮಗು ಸ್ವಲ್ಪ ಸ್ವಲ್ಪವೇ ತೂಕ ಏರಿತು. ನಡುವೆ ಒಂದು ಸಲ ಉಸಿರು ತಪ್ಪಿ ಎಲ್ಲರನ್ನೂ ನಡುಗಿಸಿತು. ಆ ದಿನ ಇಬ್ಬರಲ್ಲಿ ಯಾರೂ ಫೋನ್ ಮಾಡಲಿಲ್ಲ. ಬೆಂಚಿನ ಮೇಲೆ ಒಬ್ಬರ ಕೈ ಒಬ್ಬರು ಹಿಡಿದು ಕೂತಿದ್ದರು ಎಂದು ಪ್ರಸನ್ನ ಹೇಳಿದ. ಮರುದಿನ ಮಗು ಚೇತರಿಸಿಕೊಂಡ ಮೇಲೆ ಕೈ ಬಿಟ್ಟರಂತೆ.

ಸಂಕ್ರಾಂತಿ ಕಳೆದು ಮಗು ಮನೆಗೆ ಬಂತು. ನಾನು ಕಾಯುತ್ತಿದ್ದಂತೆಯೇ ಮರಳುವ ಟಿಕೆಟ್ಟಿಗೆ ಕರೆ ಬಂತು, ಸರ್ವಮಂಗಳಮ್ಮನದು. ಬೀಗಿತ್ತಿ ಯಾವತ್ತು ಹೊರಡುತ್ತಾರೋ ಅದರ ಮಾರನೆಯ ದಿನಕ್ಕೆ ನನಗೆ ಮಾಡು ಎಂದರು. ಅದೇ ವಾರ ಲಕ್ಷ್ಮಿದೇವಮ್ಮ ಕರೆ ಮಾಡಿ, ಎಣ್ಣೆ ಮಿಲ್ಲಿನವರು ಹೋದ ಮೇಲಿನ ದಿನಕ್ಕೆ ಎಂದರು. ಮೊದಲು ತಲುಪಬೇಕೆಂದು ಹಟ ಹಿಡಿದಿದ್ದವರಲ್ಲಿ ಮೊದಲು ಹೊರಡಲು ಯಾರೂ ಸಿದ್ಧರಿರಲಿಲ್ಲ. ಹೀಗೆ ಒಂದು ತಿಂಗಳು ನಡೆಯಿತು. ಇತ್ತ ಮಿಲ್ಲಿನ ಯಜಮಾನರು ಹೋಟೆಲ್ ಊಟ ತಿಂದು ಸೊರಗಿದರು, ಅತ್ತ ಮೊಳಕಾಲ್ಮೂರಿನಲ್ಲಿ ಅರ್ಧ ನೇಯ್ದ ಸೀರೆ ಮಗ್ಗದ ಮೇಲೆಯೇ ಇತ್ತು. ಕೊನೆಗೆ ರೇಣುಕಾಳೇ ನನಗೆ ಫೋನ್ ಮಾಡಿ, ಇಬ್ಬರಿಗೂ ಒಂದೇ ದಿನದ ವಿಮಾನ ಮಾಡಿ ಅಕ್ಕಾ, ನಾನು ಹೇಳಿದೆ ಎನ್ನಬೇಡಿ ಎಂದಳು. ಮಾಡಿದೆ.

ಊರಿಗೆ ಬಂದ ಮೇಲೆ ಇಬ್ಬರೂ ಬೇರೆ ಬೇರೆ ದಿನ ಕಚೇರಿಗೆ ಬಂದು ಫೋನಿನಲ್ಲಿ ಚಿತ್ರ ತೋರಿಸಿದರು. ಸರ್ವಮಂಗಳಮ್ಮ ತೋರಿಸಿದ್ದು, ಬಣ್ಣ ಹೋದ ಸೀರೆಯೊಳಗೆ ಮಗುವನ್ನು ಸುತ್ತಿಕೊಂಡು ಕೂತ ಲಕ್ಷ್ಮಿದೇವಮ್ಮನ ಚಿತ್ರ. ಹೆಂಗೆ ಕೂತವ್ಳೆ ನೋಡು ಎಂದು ಎರಡು ಬೆರಳಿನಿಂದ ದೊಡ್ಡದು ಮಾಡಿ ತೋರಿಸಿದರು. ಲಕ್ಷ್ಮಿದೇವಮ್ಮ ತೋರಿಸಿದ್ದು, ಹಾಸಿಗೆಯ ಮೇಲೆ ಕೂತು ಅತ್ತೆಯ ಕೈಗೆ ಜಡೆ ಕೊಟ್ಟು ಕಣ್ಣು ಮುಚ್ಚಿದ ರೇಣುಕಾಳ ಚಿತ್ರ. ತಮ್ಮ ಚಿತ್ರವನ್ನು ಇಬ್ಬರಲ್ಲಿ ಯಾರೂ ತೋರಿಸಲಿಲ್ಲ. ಬೇಕಾದುದು ಸಿಕ್ಕಿದ ಮೇಲೂ ಅವರ ಕಣ್ಣು ಇನ್ನೊಬ್ಬರಿಗೆ ಸಿಕ್ಕಿದ್ದರ ಮೇಲೆಯೇ ಇತ್ತು. ಆ ಕಣ್ಣಿನಿಂದಲೇ ಅವರು ಒಬ್ಬರನ್ನೊಬ್ಬರು ಅಷ್ಟು ಗಮನವಿಟ್ಟು ನೋಡಿದ್ದರು. ಮೂರು ವರ್ಷ ದೂರವಿದ್ದು ಒಬ್ಬರ ಬಗ್ಗೆ ಒಬ್ಬರಿಗೆ ತಿಳಿಯದಿದ್ದುದು ಈ ಎರಡು ತಿಂಗಳ ಹೊಟ್ಟೆಕಿಚ್ಚಿನಲ್ಲಿ ತಿಳಿದಿತ್ತು.

ಕಳೆದ ವರ್ಷ ಕಚೇರಿಯನ್ನು ಮಗಳಿಗೆ ಒಪ್ಪಿಸಿದೆ. ಕಟ್ಟಡ ಬಿಡು ಎಂದು ಯಾರೂ ಹೇಳಲಿಲ್ಲ. ಅವಳಿಗೆ ನಾನು ಕಲಿಸಿದ್ದು ಒಂದೇ. ಬೇಗ ತಲುಪುವ ವಿಮಾನ ಯಾವುದೆಂದು ಯಾರಾದರೂ ಕೇಳಿದರೆ ತಕ್ಷಣ ಕಂಪ್ಯೂಟರ್ ನೋಡಬೇಡ. ಇಳಿದ ಮೇಲೆ ಏನು ಕೆಲಸ, ಅಲ್ಲಿ ಯಾರಿದ್ದಾರೆ ಎಂದು ಮೊದಲು ಕೇಳು. ದೂರ, ಹೊತ್ತು ಎರಡನ್ನೂ ಕಂಪ್ಯೂಟರ್ ಹೇಳುತ್ತದೆ. ಇಳಿದ ಮೇಲಿನದನ್ನು ಗಿರಾಕಿಯೇ ಹೇಳಬೇಕು, ಕೇಳದಿದ್ದರೆ ಅವರೂ ಹೇಳುವುದಿಲ್ಲ.